ಶರಣಪ್ಪ ಶೇಠನ ಐಪಿ

ಶರಣಪ್ಪ ಶೇಠ್ ದಿವಾಳಿ ಎದ್ದಿರಲಿಲ್ಲ. ಅವನ ಮಗಳ ಮದುವಿ ಮುರಿದಿದ್ದು ದಿವಾಳಿ ಸುದ್ದಿಯಿಂದಲ್ಲ, ಒಂದು ಪಾಸ್‌ವರ್ಡಿನಿಂದ. ತಾಂಡೂರಿನ ಮಂದಿ ಇವತ್ತಿಗೂ ಬ್ಯಾರೆ ಹೇಳ್ತಾರ. ಹೇಳ್ಲಿ. ಅವರು ಹೊರಗ ನಿಂತಿದ್ರು, ನಾನು ಒಳಗ ಇಂಟರ್ನೆಟ್ ಡಬ್ಬಿ ಪಕ್ಕಕ್ಕ ನಿಂತಿದ್ದೆ.

ಇದನ್ನ ಬರಿಯೋದು ಈಗ ಫೋನ್ ಕಚೇರಿ ಕೆಲಸಕ್ಕ ಹೊಸದಾಗಿ ಸೇರೋ ಹುಡುಗ ಹುಡುಗಿಯರಿಗೆ. ನಂದು ನಾಲ್ಕನೇ ಇಯತ್ತೆ ಓದು, ರಾಯಿಕೋಡ್ ಹತ್ತಿರದ ಹಳ್ಳಿಯೊಳಗಿನ ಕನ್ನಡ ಸಾಲಿ. ಮೊಮ್ಮಗಳು ಅಕ್ಷರ ತಿದ್ದಿ ಕೊಡ್ತೀನಿ ಅಂದಾಳ. ಅಕ್ಷರ ತಿದ್ದು, ಬ್ಯಾರೆ ಏನೂ ತಿದ್ದಬ್ಯಾಡ ಅಂದೀನಿ.

ನನ್ನ ಗಂಡ ಜಹೀರಾಬಾದಿನ ಫೋನ್ ಕಚೇರಿಯೊಳಗ ಲೈನ್‌ಮನ್ ಇದ್ದ. ಕಂಬದಿಂದ ಬಿದ್ದು ಸತ್ತ ಅಂತ ಕೆಲವರು ತಿಳಕೊಂಡಾರ. ಇಲ್ಲ, ಕಾಮಾಲೆ ಆಗಿ ಸತ್ತ. ತಂತಿ ಕತ್ತರಿಸೋ ಅವನ ಪಕ್ಕಡು, ಅವನ ಕೆಲಸ ನನಗ ಬಂತು. ಆಮ್ಯಾಲ ಬಡ್ತಿ ಗಿಡ್ತಿನೂ ಬಂತು, ಅದನ್ನ ಬರದ್ರ ಯಾರಿಗೇನು.

ಮೊದಲು ಕೆಲಸ ಅಂದ್ರ ತಾಮ್ರದ ತಂತಿ. ಬ್ಯಾಸಗಿ ಗಾಳಿಗೆ ತಂತಿ ಹಾಡ್ತಿದ್ದವು. ಕಂಬಕ್ಕ ಕಿವಿ ಹಚ್ಚಿದ್ರ ದೂರದ ಊರಾಗ ಯಾರೋ ನಿದ್ದಿಯೊಳಗ ಮಾತಾಡಿದಂಗ ಕೇಳ್ತಿತ್ತು. ತೊಗರಿ ಹೊಲದ ನಡುವ ಹಂಗೇ ನಿಂತುಬಿಡ್ತಿದ್ದೆ. ಮಾತು ತಿಳೀತಿರಲಿಲ್ಲ, ದನಿ ಅಷ್ಟೇ. ಒಮ್ಮೊಮ್ಮೆ ಬಂದ ಕೆಲಸ ಯಾವುದು ಅನ್ನೋದೇ ಮರೀತಿತ್ತು.

ಆಮ್ಯಾಲ ಡಬ್ಬಿ ಬಂತು. ಪಂಚಾಂಗದಷ್ಟು ದೊಡ್ಡದು, ಮುಂದ ಸಣ್ಣ ಹಸಿರು ದೀಪ. ಫೋನಿನ ತಂತಿ ಆ ಡಬ್ಬಿಗೆ ಹಚ್ಚಿದ್ರ ಮನಿಯೊಳಗ ಇಂಟರ್ನೆಟ್. ಜನ ಅದನ್ನ ಎಲ್ಲೆಲ್ಲಿ ಇಡ್ತಿದ್ರು ಅಂತೀರಿ! ಪೆದ್ದೆಮುಲ್‌ನ್ಯಾಗ ಒಬ್ಬಾಕಿ ದೇವರ ಗೂಡಿನ್ಯಾಗ ಇಟ್ಟು ಕುಂಕುಮ ಹಚ್ಚಿದ್ಳು, ಗಾಳಿ ಆಡೋ ಸಂದಿ ಎಲ್ಲ ಮುಚ್ಚಿ ಡಬ್ಬಿ ಕಾದು ಕೆಂಡ. "ಯವ್ವಾ, ಇದು ದೇವರಲ್ಲ" ಅಂದೆ. "ದೀಪ ತಾನೇ ಹಚ್ಕೊಳ್ತದಲ್ಲ, ಮತ್ತೇನಂತ ತಿಳಕೋಬೇಕು?" ಅಂದ್ಳು. ಸಂದಿಯೊಳಗಿನ ಕುಂಕುಮ ಒರಸಿ ಬಂದೆ.

ಆ ಹೊತ್ತಿಗೆ ನಮಗ ಮ್ಯಾಲಿನವನಾಗಿ ಬಂದವ ಮಂಜುನಾಥ ಸಾಹೇಬ. ಮೈಸೂರು ಕಡೆಯವ, ಉದ್ದಕಾಲಿನವ, ಸ್ಟೀಲ್ ಡಬ್ಬಿಯೊಳಗ ಮೊಸರನ್ನ ತರ್ತಿದ್ದ. ಅವನ ಕನ್ನಡ ರೇಡಿಯೋ ಹಚ್ಚಿದಂಗ. ನಮ್ಮ ಕನ್ನಡ ಕೇಳಿದ್ರ ಅವನು ಎರಡು ಸರ್ತಿ "ಏನಂದ್ರಿ?" ಅಂತಿದ್ದ. ಆದ್ರ ಮನುಷ್ಯ ಚಲೋ, ಕೆಲಸ ಗೊತ್ತಿದ್ದವ. ಮೊದಲನೇ ಪಾಠ ಅವನೇ ಹೇಳಿದ್ದು.

"ಅಮ್ಮಾ, ಡಬ್ಬಿ ನಮ್ಮದು. ಕರೆಂಟು ಅವರದು. ನಂಬರು ಮಾತ್ರ ಬಾಡಿಗೆಯದು."

"ಯಾವ ನಂಬರ್?"

"ಪ್ರತಿ ಡಬ್ಬಿಗೂ ಒಂದು ನಂಬರು ಬೇಕು, ಮನೆ ವಿಳಾಸ ಇದ್ದ ಹಾಗೆ. ಐಪಿ ಅಂತಾರೆ. ಅದನ್ನ ನಾವು ಕೊಡ್ತೀವಿ."

"ನಮಗ ಯಾರು ಕೊಡ್ತಾರ?"

"ಮೇಲಿನವರು."

"ಮ್ಯಾಲ ಅಂದ್ರ ಹೈದರಾಬಾದಾ?"

"ಇನ್ನೂ ಮೇಲೆ."

ನಾನು ಮ್ಯಾಲ ನೋಡ್ದೆ. ಒಂದು ಹದ್ದು ತಿರುಗಾಡ್ತಿತ್ತು. ಅಷ್ಟಕ್ಕ ಬಿಟ್ಟೆ.

ಹೊರಗಿನ ನಂಬರು ಒಂದು, ಒಳಗಿನವು ಬ್ಯಾರೆ. ಒಳಗ ಎಷ್ಟು ಕಂಪ್ಯೂಟರ್ ಇದ್ರೂ ಪ್ರತಿಯೊಂದಕ್ಕ ಡಬ್ಬಿನೇ ನಂಬರ್ ಹಂಚ್ತದ. ಲಗ್ನದ ಪಂಕ್ತಿಯೊಳಗ ಯಾರು ಎಲ್ಲಿ ಕೂಡಬೇಕಂತ ಮನಿ ಹಿರಿಯಾಕಿ ಹೇಳ್ತಾಳಲ್ಲ, ಹಂಗ. ಇದು ನನ್ನ ತಲಿಗೆ ಹತ್ತಿದ್ದು ನಾರಾಯಣಖೇಡದ ಒಂದು ಮನಿಯಿಂದ. ಅಲ್ಲಿ ಇಬ್ಬರು ಅಣ್ಣತಮ್ಮ. ಅಣ್ಣ ಮಾಸ್ತರ, ತಮ್ಮ ಕುರಿ ಸಾಕೋನು. ಅಣ್ಣನ ಖೋಲಿಯೊಳಗ ನಮ್ಮ ಡಬ್ಬಿ ಇತ್ತು. ತಮ್ಮ ಬೀದರ್ ಬಜಾರದಿಂದ ಇನ್ನೊಂದು ತಂದು ಅದಕ್ಕ ಜೋಡಿಸಿದ. ಅವತ್ತಿನಿಂದ ಮನಿಯೊಳಗ ಯಾವ ಕಂಪ್ಯೂಟರೂ ನೆಟ್ಟಗ ನಡೀಲಿಲ್ಲ. ನಾನು ತಂತಿ ಬದಲಿಸಿದೆ, ಕಂಬದ ಗಂಟು ಬಿಚ್ಚಿ ಕಟ್ಟಿದೆ, ಏನೂ ಆಗಲಿಲ್ಲ. ಮಂಜುನಾಥ ಸಾಹೇಬ ಬಂದು ನೋಡಿ ನಕ್ಕ. ಎರಡೂ ಡಬ್ಬಿ ನಂಬರ್ ಹಂಚ್ತಿದ್ದವು. ಊಟಕ್ಕ ಒಂದೇ ಮಣಿ ಮ್ಯಾಲ ಇಬ್ಬರನ್ನ ಕೂಡಿಸಿದಂಗ ಆಗಿತ್ತು.

"ಒಂದು ಡಬ್ಬಿ ಹಂಚೋದು ಬಿಡಬೇಕು" ಅಂದ ಸಾಹೇಬ.

"ಅಣ್ಣಂದು ಬಿಡ್ಲಿ" ಅಂದ ತಮ್ಮ. "ನಾನು ರೊಕ್ಕ ಕೊಟ್ಟು ತಂದೀನಿ, ಅದು ಬಾಡಗಿದು."

"ನಾ ಹಿರಿಯಾ" ಅಂದ ಅಣ್ಣ.

ಒಳಗಿಂದ ಅವರವ್ವ ಬಂದ್ಳು, ಹೆಗಲ ಮ್ಯಾಲ ಕಂಬಳಿ. "ನಂಬರ್ ಹಂಚೋ ಡಬ್ಬಿ ಯಾವುದರೆ ಇರ್ಲಿ, ನನ್ನ ಖೋಲಿಯೊಳಗ ಇಡ್ರಿ. ಇನ್ನೊಂದನ್ನ ಎಲ್ಲಿ ಬೇಕಾದ್ರ ಇಟ್ಕೊಳ್ರಿ." ಇಟ್ಟು ಬಂದ್ವಿ. ಮುದುಕಿಗೆ ಡಬ್ಬಿ ಏನಂತ ಗೊತ್ತಿರಲಿಲ್ಲ, ಮಕ್ಕಳು ಗೊತ್ತಿದ್ರು.

ಅವು ಆಂಧ್ರದಿಂದ ತೆಲಂಗಾಣ ಬ್ಯಾರೆ ಆಗ್ಲಿ ಅನ್ನೋ ಹೋರಾಟದ ವರ್ಷ. ವಾರಕ್ಕೊಂದು ಬಂದ್. ಬಂದ್ ಇದ್ದ ದಿನ ಜಹೀರಾಬಾದಿನ ದೊಡ್ಡ ರಸ್ತಾ ಹೊಳಿ ಬತ್ತಿದಂಗ ಬಿದ್ದಿರ್ತಿತ್ತು. ಲಾರಿ ಇಲ್ಲ, ಬಸ್ಸಿಲ್ಲ. ಹೆಣ್ಮಕ್ಕಳು ಡಾಂಬರಿನ ಮ್ಯಾಲ ಮೂರು ಕಲ್ಲಿಟ್ಟು ಅಡಿಗಿ ಮಾಡಿ ಧರಣಿ ಕೂಡ್ತಿದ್ರು. ಅನ್ನದ ಹಬಿ ಏಳ್ತಿತ್ತು, ಕುರಿಗಳು ನಡು ರಸ್ತಾದಾಗ ಮಲಗಿ ಮೆಲುಕು ಹಾಕ್ತಿದ್ದವು, ನಾನು ಅವುಗಳ ನಡುವಿಂದ ತಂತಿ ಸುರುಳಿ ಹೆಗಲಿಗೆ ಹಾಕ್ಕೊಂಡು ನಡೀತಿದ್ದೆ. ಬಂದಿನ್ಯಾಗೂ ಫೋನ್ ಕೆಟ್ರ ಹೋಗಲೇಬೇಕು. ನನ್ನ ಚಪ್ಪಲಿ ಸಪ್ಪಳ ಬಿಟ್ರ ಬ್ಯಾರೆ ಸಪ್ಪಳಿಲ್ಲ. ಆ ನಡಿಗಿ ಈಗ ಕಣ್ಣು ಮುಚ್ಚಿದ್ರ ಬರ್ತದ. ಅದರೊಳಗ ಬಿಸಿಲು ಇರ್ತದ, ಸೆಕೆ ಇರಂಗಿಲ್ಲ.

ಅಂಥಾದ್ದೇ ಒಂದು ದಿನ ಜಹೀರಾಬಾದಿನ ಒಂದು ಓಣಿಯಿಂದ ಒಬ್ಬರ ಹಿಂದ ಒಬ್ಬರು ಫೋನ್ ಮಾಡಿದ್ರು. ಎಲ್ಲರ ಡಬ್ಬಿ ಹೆಸರೂ ಬದಲಾಗಿತ್ತು. ಗಾಳಿಯೊಳಗ ಸಿಗೋ ಇಂಟರ್ನೆಟ್ಟಿಗೆ ಒಂದು ಹೆಸರು ಇರ್ತದಲ್ಲ, ಒಬ್ಬರದು ಮಗನ ಹೆಸರು, ಒಬ್ಬರದು ಮನಿ ದೇವರ ಹೆಸರು. ಈಗ ಓಣಿಗೆ ಓಣಿನೇ ಒಂದೇ ಹೆಸರು: ಜೈ ತೆಲಂಗಾಣ. ಯಾವ ಮನಿ ಮುಂದ ನಿಂತ್ರೂ ಅದೇ. ಆ ಓಣಿಯೊಳಗ ಕರಾವಳಿ ಆಂಧ್ರದ ಕಡೆಯಿಂದ ಬಂದ ಒಬ್ಬ ನೌಕರ ಇದ್ದ. ಪಾಪ, ಬಾಗಲಾ ಅರ್ಧ ತಗದು ನನ್ನ ಒಳಗ ಕರದ.

"ಅಮ್ಮಾ, ನಾನು ಅಂದಿಲ್ಲ. ಡಬ್ಬಿ ಅಂದದ."

"ತಗದು ಹಾಕಲೇನ್ರಿ?"

"ತಗದ್ರ ಓಣಿಯವರು ಸಿಟ್ಟಾಗ್ತಾರ. ಬಿಟ್ರ ಊರಿಂದ ಬರೋ ನಮ್ಮಣ್ಣ ಸಿಟ್ಟಾಗ್ತಾನ."

"ಅಣ್ಣ ಯಾವಾಗ ಬರ್ತಾನ?"

"ಹಬ್ಬಕ್ಕ."

"ಹಂಗಾದ್ರ ಹಬ್ಬದ ತನಕ ಇರ್ಲಿ ಬಿಡ್ರಿ" ಅಂದೆ. ಅವನಿಗೂ ನಗು ಬಂತು.

ಆದದ್ದಿಷ್ಟು. ಡಬ್ಬಿ ಬರುವಾಗ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಹಾಕಿ ಕಳಿಸ್ತಿದ್ರು. ಅದು ಗೊತ್ತಿದ್ದ ಯಾರೋ ಓಣಿಯೆಲ್ಲ ಹೊಕ್ಕು ಬಂದಿದ್ರು. ಅವತ್ತು ಮಂಜುನಾಥ ಸಾಹೇಬ ಒಂದು ನೇಮ ಮಾಡಿದ. ಇನ್ನ ಮ್ಯಾಲ ಪ್ರತಿ ಮನಿಯೊಳಗ ಪಾಸ್‌ವರ್ಡ್ ಬದಲಿ ಮಾಡಬೇಕು. ಆ ಮನಿಯೊಳಗ ಕಂಪ್ಯೂಟರ್ ಮುಂದ ಕೂಡೋರು ಯಾರೋ, ಅವರೇ ಹಾಕ್ಕೋಬೇಕು. ನಾವು ಕೇಳಂಗಿಲ್ಲ, ಕಚೇರಿಯವರೂ ಕೇಳಂಗಿಲ್ಲ. ಆ ನೇಮ ಇಟ್ಕೊಂಡೇ ನಾನು ತಾಂಡೂರಿಗೆ ಹೋಗಿ ಶರಣಪ್ಪ ಶೇಠನ ಮನಿಯೊಳಗ ಡಬ್ಬಿ ಹಾಕಿದ್ದು.

ಶರಣಪ್ಪ ಶೇಠ್ ಕಲ್ಲಿನ ವ್ಯಾಪಾರಿ. ತಾಂಡೂರಿನ ಚಪ್ಪಡಿ ಕಲ್ಲು, ನೀಲಿ ಒಂದು, ಹಳದಿ ಒಂದು, ಮನಿ ಮುಂದಿನ ಅಂಗಳದಾಗ ಸಾಲಾಗಿ ಒಟ್ಟಿದ್ದ. ಅದರಾಚೆ ಪಾಲಿಶ್ ಮಾಡೋ ಶೆಡ್ಡು. ಕಲ್ಲಿನ ಪುಡಿ ಹಾರಿ ಹಾರಿ ಬೇವಿನ ಗಿಡ ಬೆಳ್ಳಗ, ನಾಯಿ ಬೆಳ್ಳಗ, ಶೇಠನ ಮೀಸಿನೂ ಬೆಳ್ಳಗ, ಯಾವುದು ವಯಸ್ಸು ಯಾವುದು ಪುಡಿ ತಿಳೀತಿರಲಿಲ್ಲ. ಶೇಠಗ ಹೆಂಡತಿ ಇರಲಿಲ್ಲ, ಒಬ್ಬಾಕಿ ಮಗಳು, ಗಿರಿಜಾ. ಅಂಗಳಕ್ಕ ಒಂದು ಕ್ಯಾಮರಾ ಹಾಕಿಸಿದವಳು ಆಕಿನೇ. ಸೂರತ್ತಿನ ಗಿರಾಕಿ ಸೂರತ್ತಿನ್ಯಾಗ ಕೂತು ಇಲ್ಲಿನ ಕಲ್ಲು ನೋಡಿ ಆರಿಸ್ತಿದ್ದ. ಅದಕ್ಕಂತ ಆಕಿ ಕಚೇರಿಗೆ ಅರ್ಜಿ ಕೊಟ್ಟು ಬದಲಾಗದಂಥ ಒಂದೇ ಐಪಿ ತಗೊಂಡಿದ್ಳು. ದಿನಾ ಪತ್ತಾ ಬದಲಾಗೋ ಮನಿಗೆ ಗಿರಾಕಿ ಹ್ಯಾಂಗ ಬರ್ಬೇಕು? ಪಾಸ್‌ವರ್ಡ್ ಹಾಕುವಾಗ ಶೇಠ್ ಪಕ್ಕದಾಗೇ ಚಹಾ ಕುಡೀತಿದ್ದ. "ನಂಗ್ಯಾಕ ಅದು, ನೀನೇ ಹಾಕವ್ವ ಏನರೆ" ಅಂದ. ಅಷ್ಟೊತ್ತಿಗೆ ಕೊಡಂಗಲ್ಲಿನ ಒಂದು ಮನಿತನದ ಜೊತಿ ಆಕಿ ಮದುವಿ ಗೊತ್ತಾಗಿತ್ತು.

ಮುಂದ ಕೆಲವು ತಿಂಗಳಿಗೆ ನಮ್ಮ ಕಚೇರಿಯೊಳಗ ಮಶೀನ್ ಬದಲಿ ಆತು. ಆ ಗದ್ದಲದಾಗ ಗಿರಿಜಾನ ಐಪಿ ಹೋತು. ಆಕಿ ಫೋನ್ ಮಾಡಿದ್ಳು, "ಅಮ್ಮಾ, ಗಿರಾಕಿಗೆ ಅಂಗಳ ಕಾಣವಲ್ದು." ಅವತ್ತು ಬಂದ್. ಮಂಜುನಾಥ ಸಾಹೇಬನ ಮೋಟರ್ ಸೈಕಲ್ ಹಿಂದ ಕೂತು ಹೋದೆ. ದಾರಿ ತುಂಬ ತೊಗರಿ ಹೂವಿನ ಹಳದಿ. ರೈಲ್ವೆ ಗೇಟ್ ತಗದೇ ಇತ್ತು, ಕಾಯಾಕ ಯಾರೂ ಇರಲಿಲ್ಲ, ಹಳಿ ಮ್ಯಾಲ ಬೆಳ್ಳಕ್ಕಿ ನಿಂತಿದ್ದವು. ಸಾಹೇಬ ಗಾಡಿ ಸಾವಕಾಶ ಹೊಡದ, ಯಾರನ್ನೋ ಎಬ್ಬಿಸಬಾರದು ಅನ್ನೋವನಂಗ.

ದುಕಾನ ಎಲ್ಲ ಮುಚ್ಚಿದ್ದಕ್ಕ ಶೇಠನ ಮನಿ ಮುಂದಿನ ಚಪ್ಪಡಿ ಮ್ಯಾಲ ಮಂದಿ ಕೆಲಸಿಲ್ಲದ ಕೂತಿದ್ರು. ನಾನು ಒಳಗ ವೈರು ಹಲ್ಲಿನ್ಯಾಗ ಕಚ್ಚಿಕೊಂಡು ಡಬ್ಬಿ ಬಿಚ್ಚಿದ್ದೆ. ಒಳಗ ಮೊಬೈಲಿಗೆ ಸಿಗ್ನಲ್ ಸಿಗ್ಲಿಲ್ಲ, ಸಾಹೇಬ ಹೊರಗ ಕಟ್ಟಿ ಮ್ಯಾಲ ಹೋಗಿ ಕಚೇರಿಗೆ ಒದರಿದ:

"ಹಲೋ! ತಾಂಡೂರು ಶರಣಪ್ಪ ಶೇಠ್ ಅವರ ಐಪಿ! ಹೌದು, ಐಪಿ! ಇವತ್ತೇ ಹಾಕಬೇಕು! ಲೇಟ್ ಮಾಡಿದರೆ ಅವರಿಗೆ ಕಷ್ಟ!"

ಹೊಸಬರೇ, ಇಲ್ಲಿ ಕಿವಿ ಕೊಡ್ರಿ. ನಮ್ಮ ಕಡೆ ಐಪಿ ಅಂದ್ರ ಡಬ್ಬಿ ನಂಬರಲ್ಲ. ಸಾಲ ತೀರಿಸಾಕ ಆಗದವ ಕೋರ್ಟಿಗೆ ಹೋಗಿ ಕೈ ಎತ್ತತಾನಲ್ಲ, ಆ ಕಾಗದಕ್ಕ ಐಪಿ ಅಂತಾರ. "ಐಪಿ ಹಾಕಿದ" ಅಂದ್ರ ಮುಳುಗಿದ. ತೆಲುಗು, ಉರ್ದು, ಕನ್ನಡ ಯಾವುದು ಮಾತಾಡೋರಿಗೂ ಇದು ಗೊತ್ತು. ಮೈಸೂರಿನವಗ ಗೊತ್ತಿರಲಿಲ್ಲ. ನಾನು ಕಚೇರಿಯೊಳಗ ಎಷ್ಟು ವರ್ಷ ಆ ಶಬ್ದ ಕೇಳಿದ್ದೆನಂದ್ರ, ನನಗೂ ಹೊಳೀಲಿಲ್ಲ. ಚಪ್ಪಡಿ ಮ್ಯಾಲಿನ ಒಬ್ಬ ಎದ್ದು ಪಕ್ಕದ ಓಣಿಗೆ ತೆಲುಗಿನ್ಯಾಗ ಕೂಗಿದ್ದು ಕೇಳಿಸ್ತು. "ಶರಣಪ್ಪ ಶೇಠ್ ಐಪಿ ಪೆಟ್ಟಿಂಡಂಟ!" ಐಪಿ ಹಾಕ್ಯಾನಂತ, ಅಂತ.

ಬಸ್ಸಿಲ್ಲ, ಆಟೋ ಇಲ್ಲ, ಆದ್ರ ಸುದ್ದಿಗೆ ಬಂದ್ ಇರಲಿಲ್ಲ. ನಾವು ಚಹಾ ಕುಡಿದು ಮುಗಿಸೋದ್ರೊಳಗ ಅಂಗಳ ತುಂಬಿತು. ಪಾಲಿಶಿನ ಕೆಲಸಗಾರರು ಬಂದ್ರು. ಮಲ್ಲಮ್ಮ ಅನ್ನೋ ಮುದುಕಿ ತನ್ನ ಬಂಗಾರದ ಬೋರಮಾಳ ಶೇಠನ ತಿಜೋರಿಯೊಳಗ ಇಟ್ಟಿದ್ಳು, ಆಕಿ ಎದಿ ಬಡ್ಕೊಂಡು ಬಂದ್ಳು. "ನನ್ನ ಬೋರಮಾಳಕ್ಕೂ ಐಪಿ ಹಾಕಿದ್ಯಾ ಶೇಠ್?"

ಸಾಹೇಬ ಸಮಜಾಯಿಸಿ ಹೇಳಾಕ ಹೋದ. "ಅಯ್ಯೋ, ಐಪಿ ಅಂದರೆ ಬರೀ ನಂಬರು ಕಣ್ರೀ! ಹಳೇ ನಂಬರು ಹೋಯಿತು. ಸಂಜೆಯೊಳಗೆ ಹೊಸ ನಂಬರು ಬೀಳುತ್ತೆ!"

"ನಂಬರ್ ಬೀಳ್ತದಂತ!" ಅಂದ ಒಬ್ಬ. "ಕೋರ್ಟಿನ್ಯಾಗ ನಂಬರ್ ಬಿತ್ತಂದ್ರ ಮುಗೀತಲ್ಲೋ!"

ಮಲ್ಲಮ್ಮ ಕೆಳಗ ಕೂತೇಬಿಟ್ಳು. ನಾನು ಸಾಹೇಬನ ತೋಳು ಹಿಡಿದು ಒಳಗ ಎಳಕೊಂಡೆ. "ಬಾಯಿ ಮುಚ್ಚರಿ ಸಾಹೇಬ" ಅಂತ ಹೇಳಿ ಅರ್ಥ ತಿಳಿಸಿದೆ. ಅವನ ಮಾರಿ ಮೊಸರನ್ನದಂಗ ಆತು. ಒಬ್ಬರ ಮನಿ ಕಟ್ಟಿ ಮ್ಯಾಲ ನಿಂತು ಕಚೇರಿ ಭಾಷಾ ಒದರಬ್ಯಾಡ್ರಿ. ಇದು ಯಾವ ಟ್ರೇನಿಂಗಿನ್ಯಾಗೂ ಹೇಳಂಗಿಲ್ಲ.

ಮಧ್ಯಾಹ್ನ ಕೊಡಂಗಲ್ಲಿನಿಂದ ಮೋಟರ್ ಸೈಕಲ್ ಬಂತು. ಹುಡುಗನ ಸ್ವಾದರಮಾವ, ಬಸಪ್ಪ. ರುಮಾಲು ಬಿಚ್ಚಿ ಧೂಳು ಝಾಡಿಸಿದ.

"ಬೀಗರ, ಏನಿದು ಕೇಳಾಕ ಹತ್ತೀನಿ? ಲಗ್ನದ ಮಾತು ಆದಮ್ಯಾಲ ಇಂಥಾದ್ದೇನು?"

ಶೇಠ್ ಕೂಡಾಕ ಕುರ್ಚಿ ಸರಿಸಿದ. ನಾನು ನಡುವ ಬಾಯಿ ಹಾಕಿದೆ. "ಹಂಗಲ್ರೀ. ಡಬ್ಬಿ ಇದ್ದ ಎಲ್ಲಾ ಮನಿಗೂ ಐಪಿ ಇರ್ತದ. ನಿಮ್ಮನಿಗೂ ಅದ."

"ನಮ್ಮನಿಗ್ಯಾಕ ಐಪಿ? ನಿನ್ನ ನಾಲಿಗಿ ಸಂಭಾಳಿಸು ಮುದುಕಿ!"

ಆಗ ಗಿರಿಜಾ ಬಾಗಲಿಗೆ ಬಂದ್ಳು. ಕಣ್ಣು ಕೆಂಪಗಿದ್ದವು, ದನಿ ನೆಟ್ಟಗಿತ್ತು. "ಮಾವಾ, ಒಳಗ ಬರ್ರಿ. ಹೇಳೋದ್ಯಾಕ, ತೋರಸ್ತೀನಿ."

ಅಷ್ಟರೊಳಗ ಕಚೇರಿಯವರು ಹೊಸ ನಂಬರ್ ಹಾಕಿದ್ರು. ಬಸಪ್ಪ, ಶೇಠ್, ನಾನು, ಸಾಹೇಬ ಆಕಿ ಹಿಂದ ನಿಂತ್ವಿ. ಆಕಿ ಪಾಸ್‌ವರ್ಡ್ ಒತ್ತಿ ಡಬ್ಬಿಯೊಳಗ ಹೋಗಿ ಕ್ಯಾಮರಾಕ್ಕ ದಾರಿ ಮಾಡಿದ್ಳು. ಕಂಪ್ಯೂಟರಿನ ಪಡದಿ ಮ್ಯಾಲ ಹೊರಗಿನ ಅಂಗಳ ಕಾಣಿಸ್ತು. ಸಪ್ಪಳಿಲ್ಲದ ಅಂಗಳ. ಮಂದಿ ಎಬ್ಬಿಸಿದ ಕಲ್ಲಿನ ಪುಡಿ ಬಿಸಿಲಿನ್ಯಾಗ ಇಬ್ಬನಿಯಂಗ ಇಳೀತಿತ್ತು, ಮಲ್ಲಮ್ಮ ಹಳದಿ ಕಲ್ಲಿನ ಮ್ಯಾಲ ಕೂತು ಬಾಯಿ ತಗದು ಬೈತಿದ್ಳು, ಮಾತು ಬರ್ತಿರಲಿಲ್ಲ. ಬಸಪ್ಪನ ಮೋಟರ್ ಸೈಕಲ್ ನೆರಳಿನ್ಯಾಗ ಬಿಳಿ ನಾಯಿ ಮಲಗಿತ್ತು. ಎಲ್ಲರೂ ಅದನ್ನೇ ನೋಡಿದ್ವಿ. ನಾವು ಎದ್ದುಹೋದ ಮ್ಯಾಲ ಉಳಿದ ಊರು ಹಂಗೇ ಇರ್ತದೇನೋ.

ಗಿರಿಜಾ ಸೂರತ್ತಿಗೆ ಹೊಸ ನಂಬರ್ ಹೇಳಿದ್ಳು. ಗಿರಾಕಿ ನೋಡಿ ಫೋನಿನ್ಯಾಗ ಹಿಂದಿಯೊಳಗ ಕೂಗಿದ್ದು ನಮಗೆಲ್ಲ ಕೇಳಿಸ್ತು. ಹಳದಿ ಕಲ್ಲು ಪೂರಾ ನಂದು, ಬಂದ್ ಮುಗಿದ ದಿನವೇ ಲಾರಿ ಕಳಿಸ್ರಿ, ಆ ಅಜ್ಜಿಗೆ ಕಲ್ಲಿನ ಮ್ಯಾಲಿಂದ ಏಳಾಕ ಹೇಳ್ರಿ ಅಂದ. ಬಸಪ್ಪ ನಕ್ಕ. ಹೊರಗ ಹೋಗಿ ತಾನೇ ಮಂದಿಗೆ ಹೇಳಿದ, ಬ್ಯಾರೆ ಐಪಿ ಅದು, ಹೋಗ್ರಿ ಮನಿಗೆ ಅಂತ. ಶೇಠ್ ತಿಜೋರಿ ತಗದು ಮಲ್ಲಮ್ಮಗ ಬೋರಮಾಳ ತೋರಿಸಿದ. ದಿವಾಳಿ ಮಾತು ಅಲ್ಲಿಗೆ ಖತಂ.

ಬಸಪ್ಪ ಮತ್ತ ಒಳಗ ಬಂದು ಚಹಾ ಕುಡದ. ಕುಡಿಯುತ್ತಾ ಕೇಳಿದ.

"ಮೊದಲು ಏನೋ ಒತ್ತಿದ್ಯಲ್ಲವ್ವ, ಏನದು?"

"ಪಾಸ್‌ವರ್ಡ್ ರಿ. ಡಬ್ಬಿದು."

"ಏನಂತ?"

"ಅದನ್ನ ಹೇಳಂಗಿಲ್ಲ ಮಾವಾ."

"ನಂಗ ಬ್ಯಾಡ. ಅಪ್ಪಗ ಗೊತ್ತದೇನು?"

ಶೇಠ್ ಇಲ್ಲಂತ ತಲಿ ಅಲ್ಲಾಡಿಸಿದ. ಬಸಪ್ಪ ಕಪ್ಪು ಕೆಳಗಿಟ್ಟ.

"ಬೀಗರ, ಮನಿ ನಿಮ್ದು, ಧಂದೆ ನಿಮ್ದು, ಲೈನು ನಿಮ್ಮ ಹೆಸರಿಲೆ ಅದ. ಬಾಗಲಾ ತಗಿಯಾಕಿ ಇಕಿ ಒಬ್ಬಾಕಿ? ನಾಳೆ ನಮ್ಮನಿಗೆ ಬಂದು ಇಂಥಾದ್ದೇ ಒಂದು ಬಾಗಲಾ ಇಟ್ಕೊಂಡ್ರ ನಾವು ಎಲ್ಲಿ ನಿಲ್ಲೋಣು?" ನನ್ನ ಕಡೆ ತಿರುಗಿದ. "ಡಬ್ಬಿ ನಿಮ್ಮ ಕಚೇರಿದಂತಲ್ಲ, ನೀನರೆ ಹೇಳು."

"ಡಬ್ಬಿ ನಮ್ದ್ರಿ" ಅಂದೆ. "ಪಾಸ್‌ವರ್ಡ್ ಆಕಿದು."

"ಹಂಗಾದ್ರ ಈಗ ಅಪ್ಪನ ಕಿವಿಯೊಳಗ ಹೇಳಿಬಿಡ್ಲಿ. ನಾ ಕೇಳಂಗಿಲ್ಲ. ಹಿರಿಯಾರಿಗೆ ಗೊತ್ತಿರ್ಲಿ, ಅಷ್ಟೇ. ಇಲ್ಲಾ ಅಂದ್ರ ಈ ಮಾತು ಮುಂದುವರಿಯಂಗಿಲ್ಲ."

ಗಿರಿಜಾ ಅಪ್ಪನ್ನ ನೋಡಿದ್ಳು. "ಅಪ್ಪ ತಾನಾಗೇ ಕೇಳಿದ್ರ ಹೇಳ್ತೀನಿ. ಇವರು ಕೇಳಿಸಿದ್ರ ಹೇಳಂಗಿಲ್ಲ."

ಎಲ್ಲರೂ ಶೇಠನ್ನ ನೋಡಿದ್ವಿ. ಶೇಠ್ ಪಡದಿ ಮ್ಯಾಲಿನ ಖಾಲಿ ಅಂಗಳ ನೋಡ್ತಿದ್ದ. ಒಂದು ಮಾತು ಕೇಳಿದ್ರ ಸಾಕಿತ್ತು. ಕೇಳಲಿಲ್ಲ. ಯಾಕ ಕೇಳಲಿಲ್ಲ ಅಂತ ನನಗ ಗೊತ್ತಿಲ್ಲ, ಗೊತ್ತಿಲ್ಲದ್ದು ಬರಿಯಂಗಿಲ್ಲ.

ಬಸಪ್ಪ ರುಮಾಲು ಸುತ್ತಿಕೊಂಡು ಹೋದ. ಹೊತ್ತು ಮುಳುಗೋದ್ರೊಳಗ ಕೊಡಂಗಲ್ಲಿನಿಂದ ಫೋನ್ ಬಂತು. ಬ್ಯಾಡ ಅಂದ್ರು.

ಅದಾದಮ್ಯಾಲ ಶೇಠಗ ಸಿಟ್ಟು ಬಂತು. ಮಗಳ ಮ್ಯಾಲ ಅಲ್ಲ, ಗೋಡಿ ಮ್ಯಾಲಿನ ಡಬ್ಬಿ ಮ್ಯಾಲ. "ಮುಂಜಾನೆ ಬಂದು ಇದನ್ನ ಕಿತ್ಕೊಂಡು ಹೋಗ್ರಿ. ನನ್ನ ಮನಿಯೊಳಗ ಇದು ಬ್ಯಾಡ."

ಗಿರಿಜಾ ಅಳಲಿಲ್ಲ. ನನ್ನನ್ನ ಕೇಳಿದ್ಳು, "ಅಮ್ಮಾ, ಪಾಲಿಶ್ ಶೆಡ್ಡಿನ್ಯಾಗ ಹಾಕಾಕ ಬರ್ತದೇನು? ಹಳದಿ ಕಲ್ಲು ನೋಡಾಕ ಗಿರಾಕಿ ಮತ್ತ ಬರ್ತಾನ."

"ಬರ್ತದ" ಅಂದೆ.

"ಲೈನು ಯಾರ ಹೆಸರಲ್ಲಿದೆಯೋ ಅವರು ಒಪ್ಪಬೇಕು" ಅಂದ ಸಾಹೇಬ, ಮೆತ್ತಗ. ಶೇಠ್ ಒಪ್ಪಿದೆ ಅನ್ನಲಿಲ್ಲ, ಒಲ್ಲೆ ಅನ್ನಲಿಲ್ಲ. ಎದ್ದು ಒಳಗ ಹೋದ. ನಾವು ತಾಂಡೂರಿನ್ಯಾಗೇ ಪರಿಚಯದವರ ಮನಿಯೊಳಗ ಉಳಕೊಂಡ್ವಿ.

ಮರುದಿನ ಮುಂಜಾನೆ ನಾನು ಪಕ್ಕಡು ತಗೊಂಡು ಹೋದೆ. ಮಶೀನ್ ಎಲ್ಲ ಬಂದ್, ಪುಡಿ ಹಾರ್ತಿರಲಿಲ್ಲ, ಬೇವಿನ ಗಿಡ ಒಂದೊಂದು ಎಲಿ ಹಸಿರು ತೋರಸ್ತಿತ್ತು. ಶೇಠ್ ಕಟ್ಟಿ ಮ್ಯಾಲ ಕೂತಿದ್ದ, ತಲಿ ಎತ್ತಲಿಲ್ಲ. ಅವನು ತಗಿ ಅಂದಿದ್ದ, ತಗದೆ. ಆಕಿ ಹಾಕು ಅಂದಿದ್ಳು, ಡಬ್ಬಿ ಆಕಿ ಕೈಯಾಗ ಕೊಟ್ಟು ತಂತಿ ಎಳಕೊಂಡು ಅಂಗಳ ದಾಟಿ ಶೆಡ್ಡಿನ ಗೋಡಿಗೆ ಏಣಿ ಹಚ್ಚಿದೆ. ಕೆಳಗ ಪಾಲಿಶ್ ಮಾಡಿದ ಕಲ್ಲು, ಏಣಿ ಕಾಲು ಜಾರ್ತಿತ್ತು. ಅರ್ಧಕ್ಕ ಹೋದಾಗ ಇನ್ನ ಬಿದ್ದೆ ಅಂದ್ಕೊಂಡೆ.

ಏಣಿ ಒಮ್ಮಿಗೇ ಗಟ್ಟಿ ನಿಂತಿತು. ಕೆಳಗ ನೋಡಿದ್ರ ಶೇಠ್, ಎರಡೂ ಕೈಲೆ ಹಿಡ್ಕೊಂಡು, ಮುಖ ಆ ಕಡೆ ತಿರುಗಿಸಿಕೊಂಡು ನಿಂತಿದ್ದ.

"ಬಿಡಬ್ಯಾಡ್ರಿ ಮತ್ತ" ಅಂದೆ.

ಮೊಳಿ ಹೊಡದೆ.